ಒತ್ತಿದರೆ ಬೆಳಗುವ ಹರಳುಗಳು

ಗಟ್ಟಿಯಾದ ಸಕ್ಕರೆಯನ್ನು ಕತ್ತಲೆಯಲ್ಲಿ ಒಡೆದರೆ, ಅಥವಾ ಚಾಕುವಿನಿಂದ ಕೆರೆದರೆ, ಅದು ಮಿನುಗುವುದೆಂದು ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ 1620ರ ತನ್ನ ‘ನೋವಮ್ ಆರ್ಗನಮ್’ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಸಂದೇಹವುಳ್ಳ ವಾಚಕರು ದಪ್ಪನೆಯ ಕಲ್ಲುಸಕ್ಕರೆಯ ಹರಳೊಂದನ್ನೂ ಅಡಕತ್ತರಿಯನ್ನೂ ಹಿಡಿದು ಕಗ್ಗತ್ತಲೆಯ ಕೋಣೆಯಲ್ಲಿ ಕಾಲುಗಂಟೆ ಕುಳಿತು, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಒಡೆದು ನೋಡಬಹುದು. ಕಾಣುವುದು ಕ್ಷಣಮಾತ್ರದ ನಸುನೀಲಿ ಮಿಂಚು; ಎವೆಯಿಕ್ಕಿದರೆ ತಪ್ಪಿಹೋಗುತ್ತದೆ.

ವಾಸ್ತವವಾಗಿ ಈ ಬೆಳಕು ಬಹುಮಟ್ಟಿಗೆ ಗಾಳಿಯದು. ಹರಳು ಸೀಳುವಾಗ ಎದುರುಬದುರಿನ ಮುಖಗಳಲ್ಲಿ ಧನ ಮತ್ತು ಋಣ ವಿದ್ಯುತ್ತು ಬೇರ್ಪಡುತ್ತವೆ. ಬಿರುಕನ್ನು ಹಾರಿ ಅವು ಮತ್ತೆ ಕೂಡುವಾಗ ನಡುವಣ ನೈಟ್ರೋಜನ್ ಬೆಳಗುತ್ತದೆ. ಅಡಕತ್ತರಿಯ ಬಾಯಲ್ಲಿ ಹುಟ್ಟಿದ ಮರಿಸಿಡಿಲೆನ್ನೋಣ. 2008ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ನಿರ್ವಾತದಲ್ಲಿ ಅಂಟುಪಟ್ಟಿಯ ಸುರುಳಿಯನ್ನು ಬಿಚ್ಚಿ ಎಕ್ಸ್-ಕಿರಣಗಳನ್ನೇ ಪಡೆದರು. ಅದರಿಂದ ಬೆರಳಿನ ಮೂಳೆಯ ಚಿತ್ರವನ್ನೂ ತೆಗೆದರು. (ನಿರ್ವಾತವಿಲ್ಲದ ನಮ್ಮ ಮೇಜಿನ ಮೇಲೆ ಈ ಭಯವಿಲ್ಲ.)

ಕೌತುಕವೇನೋ ಸರಿ; ಆದರೆ ಸಕ್ಕರೆ ಬೆಳಗುವುದು ಒಡೆಯುವಾಗ ಮಾತ್ರ. ಸೇತುವೆಯನ್ನು ಕಾಯುವ ಎಂಜಿನಿಯರನಿಗೆ ಬೇಕಾದದ್ದು ಮುರಿಯುವುದಕ್ಕೆ ಮುಂಚಿನ ಸೂಚನೆ.

ಅದಕ್ಕೊಂದು ದಾರಿ ಜಪಾನಿನ ಕ್ಯೂಷು ದ್ವೀಪದಿಂದ ಬಂದಿತು. ಅಲ್ಲಿ ಚಾವೊ-ನಾನ್ ಷು ಎಂಬ ವಿಜ್ಞಾನಿಯೂ ಸಹೋದ್ಯೋಗಿಗಳೂ, ಯುರೋಪಿಯಂ ಧಾತುವನ್ನು ಲೇಶಮಾತ್ರ ಬೆರೆಸಿದ ಸ್ಟ್ರಾಂಷಿಯಂ ಅಲ್ಯುಮಿನೇಟ್ ಎಂಬ ಘನವಸ್ತು ಬರಿಯ ಒತ್ತಡಕ್ಕೇ ಹಸಿರಾಗಿ ಬೆಳಗುವುದನ್ನು 1999ರಲ್ಲಿ ಪ್ರಕಟಿಸಿದರು. ಒತ್ತಡವನ್ನು ತೆಗೆದರೆ ವಸ್ತು ಮೊದಲಿನಂತಾಗುತ್ತದೆ, ಮುರಿಯುವುದಿಲ್ಲ. ರಾತ್ರಿ ಹೊಳೆಯುವ ಗಡಿಯಾರದ ಮುಳ್ಳುಗಳಿಗೆ ಬಳಿಯುವುದೂ ಇದೇ ಕುಲದ ಪುಡಿ. ಮೊದಲು ಬಿದ್ದ ಬೆಳಕು ಎಬ್ಬಿಸಿದ ಎಲೆಕ್ಟ್ರಾನುಗಳಲ್ಲಿ ಹಲವು ಹರಳಿನ ರಚನೆಯ ಕುಂದುಗಳಲ್ಲಿ ಸಿಕ್ಕಿಬಿದ್ದಿರುತ್ತವೆ. ಒತ್ತಡ ಅವನ್ನು ಬಿಡಿಸುತ್ತದೆ. ಯುರೋಪಿಯಂ ಬಳಿಗೆ ಹಿಂತಿರುಗಿದಾಗ ಆ ಶಕ್ತಿ ಬೆಳಕಾಗಿ ಹೊರಬೀಳುತ್ತದೆ. ಕುಂದಿಲ್ಲದ ಹರಳಾಗಿದ್ದರೆ ಕೂಡಿಡಲು ಎಡೆಯೇ ಇರುತ್ತಿರಲಿಲ್ಲ!

ಈ ಪುಡಿಯನ್ನು ಬಣ್ಣದಲ್ಲಿ ಕಲಸಿ ಉಕ್ಕಿನ ಮೇಲೋ ಕಾಂಕ್ರೀಟಿನ ಮೇಲೋ ಬಳಿದರೆ, ಭಾರ ಹೆಚ್ಚಾಗಿ ಬಿದ್ದ ಕಡೆ ಹೊಳಪೂ ಹೆಚ್ಚುತ್ತದೆ. ಬಿರುಕೊಂದು ಹಬ್ಬುತ್ತಿದ್ದರೆ ಅತಿ ಹೆಚ್ಚು ಬೆಳಗುವುದು ಅದರ ತುದಿ. ಅಂದರೆ ಬರಿಗಣ್ಣಿಗೆ ಸೀಳು ಗೋಚರವಾಗದಿದ್ದರೂ ಕ್ಯಾಮೆರಾಕ್ಕೆ ಅದರ ನೆಲೆ ಸಿಕ್ಕುತ್ತದೆ. ಜಪಾನಿನಲ್ಲಿ ವಾಹನಗಳು ಓಡಾಡುವ ಸೇತುವೆಯ ಮೇಲೆಯೂ ಇದನ್ನು ಪರೀಕ್ಷಿಸಿದ್ದಾರೆ.

ತೊಡಕುಗಳು ಇಲ್ಲದಿಲ್ಲ. ಹಗಲಿನಲ್ಲಿ ಈ ಮಂದಪ್ರಭೆ ಕಾಣದು. ಮತ್ತೆ ಮತ್ತೆ ಒತ್ತಿದರೆ ಕೂಡಿಟ್ಟದ್ದು ಕರಗಿ ಹೊಳಪು ಕುಗ್ಗುತ್ತದೆ. ಪುನಃ ಬೆಳಕು ತೋರಿಸಿ ತುಂಬಬೇಕು. ಲಾರಿಗಳು ಎಡೆಬಿಡದೆ ಸಾಗುವ ಸೇತುವೆಗೆ ಇದು ಸಣ್ಣ ತೊಂದರೆಯಲ್ಲ. ತಾಮ್ರ ಬೆರೆತ ಸತುವಿನ ಸಲ್ಫೈಡನ್ನು ಸಿಲಿಕೋನ್ ರಬ್ಬರಿನಲ್ಲಿ ಹುದುಗಿಸಿದರೆ ಇಂಥ ತುಂಬುವಿಕೆಯ ಅಗತ್ಯ ಬೀಳುವುದಿಲ್ಲ. ದಕ್ಷಿಣ ಕೊರಿಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದಂತೆ, ಸುಮಾರು 1,00,000 ಬಾರಿ ಎಳೆದರೂ ಅದು ಬೆಳಗುತ್ತಲೇ ಇರುತ್ತದೆ. ಈ ಶಕ್ತಿ ಹರಳಿನೊಳಗಿನ ಒತ್ತಡದಿಂದ ಬರುವುದೋ, ರಬ್ಬರಿಗೂ ಹರಳಿಗೂ ಆಗುವ ಉಜ್ಜಾಟದಿಂದಲೋ ಎಂಬುದರಲ್ಲಿ ವಿಜ್ಞಾನಿಗಳಿಗೆ ಇನ್ನೂ ಒಮ್ಮತವಿಲ್ಲ.