ಬಾಸ್ಟನ್ನಿನ ಮ್ಯಾಕ್ರೋಬಯಾಟಿಕ್ ಸಮುದಾಯ: ಏಳಿಗೆ ಮತ್ತು ಅವನತಿ

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬುದು ನಮ್ಮಲ್ಲಿ ಮನೆಮಾತಾದ ಗಾದೆ. ಈ ಗಾದೆಯ ಆಶಯವನ್ನೇ ಜೀವನಧರ್ಮವನ್ನಾಗಿ ಸ್ವೀಕರಿಸಿ, ಅದರ ಸುತ್ತ ಅಂಗಡಿ, ಪತ್ರಿಕೆ, ಭೋಜನಾಲಯ, ಪಾಠಶಾಲೆಗಳನ್ನು ಕಟ್ಟಿ, ಒಂದೇ ಸೂರಿನಡಿ ಬಾಳಿದ ಜನಸಮುದಾಯವೊಂದು ಅಮೆರಿಕದ ಬಾಸ್ಟನ್ ನಗರದಲ್ಲಿತ್ತು. 1960ರ ದಶಕದಲ್ಲಿ ಹುಟ್ಟಿದ ಈ ಮ್ಯಾಕ್ರೋಬಯಾಟಿಕ್ ಸಮುದಾಯವು ಎರಡು ದಶಕಗಳ ಕಾಲ ಬೆಳೆದು, ಅನಂತರ ನಿಧಾನವಾಗಿ ಕರಗಿತು. ತೌಡು ತೆಗೆಯದ ಅಕ್ಕಿ, ಸಾವಯವ ಧಾನ್ಯ, ಸೋಯಾ ಪದಾರ್ಥಗಳು ಪಾಶ್ಚಾತ್ಯ ಮಾರುಕಟ್ಟೆಯನ್ನು ಪ್ರವೇಶಿಸಿದುದರಲ್ಲಿ ಅದರ ಪಾತ್ರ ಹಿರಿದು. ಹಿತವಾದ ಊಟಕ್ಕೂ ರೋಗವನ್ನು ಗುಣಪಡಿಸುವ ಭರವಸೆಗೂ ನಡುವಣ ಗೆರೆ ಅಳಿಸಿಹೋದಾಗ ಏನಾಗುತ್ತದೆಂಬುದಕ್ಕೂ ಅದೇ ಸಮುದಾಯ ನಿದರ್ಶನವಾಯಿತು.

ಹೆಸರು ಮತ್ತು ಮೂಲ

'ಮ್ಯಾಕ್ರೋಬಯಾಟಿಕ್' ಎಂಬುದು ಗ್ರೀಕ್ ಮೂಲದ ಶಬ್ದ. 'ಮ್ಯಾಕ್ರೋಸ್' ಎಂದರೆ ದೀರ್ಘ, 'ಬಯೋಸ್' ಎಂದರೆ ಬದುಕು. ಜರ್ಮನ್ ವೈದ್ಯ ಹೂಫೆಲಾಂಡ್ 18ನೆಯ ಶತಮಾನದ ಕೊನೆಯಲ್ಲಿ ದೀರ್ಘಾಯುಷ್ಯವನ್ನು ಕುರಿತ ತನ್ನ ಗ್ರಂಥದಲ್ಲಿ ಇದನ್ನು ಬಳಸಿದ್ದನು. ಆದರೆ ಇಂದು ಈ ಹೆಸರಿನಿಂದ ಪರಿಚಿತವಾಗಿರುವ ಆಹಾರಪದ್ಧತಿ ಜಪಾನಿನದು. ಅಲ್ಲಿನ ಸೇನಾ ವೈದ್ಯ ಸಾಗೆನ್ ಇಶಿಝುಕಾ 19ನೆಯ ಶತಮಾನದ ಉತ್ತರಾರ್ಧದಲ್ಲಿ, ಮನುಷ್ಯನ ಆರೋಗ್ಯವೆಲ್ಲವೂ ಆಹಾರದಲ್ಲಿನ ಲವಣಗಳ, ಅದರಲ್ಲಿಯೂ ಸೋಡಿಯಂ ಮತ್ತು ಪೊಟ್ಯಾಸಿಯಂಗಳ, ಸಮತೋಲದ ಮೇಲೆ ನಿಂತಿದೆಯೆಂದು ಪ್ರತಿಪಾದಿಸಿ, ತೌಡು ತೆಗೆಯದ ಅಕ್ಕಿಯನ್ನು ಊಟದ ಕೇಂದ್ರದಲ್ಲಿರಿಸಿದರು. ಬಿಳಿ ಅಕ್ಕಿಯನ್ನೇ ಪ್ರಧಾನವಾಗಿ ಉಣ್ಣುತ್ತಿದ್ದ ಜಪಾನೀ ಸೈನಿಕರು ಬೆರಿಬೆರಿ ರೋಗಕ್ಕೆ ಬಲಿಯಾಗುತ್ತಿದ್ದ ಕಾಲವದು. ತೌಡಿನಲ್ಲಿರುವ ಥಯಾಮಿನ್ ಎಂಬ ಜೀವಸತ್ವದ ಕೊರತೆಯೇ ಅದಕ್ಕೆ ಕಾರಣವೆಂದು ವಿಜ್ಞಾನ ಅನಂತರ ಕಂಡುಕೊಂಡಿತು. ಹೀಗಾಗಿ ಇಡೀ ಧಾನ್ಯದ ಮೇಲಿನ ಈ ಒಲವು ಬರಿಯ ಹುಚ್ಚಾಗಿರಲಿಲ್ಲ.

ಇಶಿಝುಕಾ ಪರಂಪರೆಯನ್ನು ಮುಂದುವರಿಸಿ, ಅದಕ್ಕೆ ಯಿನ್ ಮತ್ತು ಯಾಂಗ್ ಎಂಬ ಪ್ರಾಚೀನ ಚೀನೀ ತತ್ತ್ವವನ್ನು ಬೆಸೆದವರು ಜಾರ್ಜ್ ಓಸಾವಾ (1893-1966). ಅವರ ಮೂಲ ಹೆಸರು ಯುಕಿಕಾಝು ಸಕುರಾಝಾವಾ. 1953ರಲ್ಲಿ ಸ್ವದೇಶವನ್ನು ಬಿಟ್ಟು ಹೊರಟ ಓಸಾವಾ ಮೊದಲು ಬಂದದ್ದು ಭಾರತಕ್ಕೆ. ಇಲ್ಲಿ ಕೆಲಕಾಲ ನೆಲೆಸಿ, ಅನಂತರ ಆಫ್ರಿಕ, ಯುರೋಪುಗಳನ್ನು ಹಾದು, ದಶಕದ ಕೊನೆಯ ಹೊತ್ತಿಗೆ ಅಮೆರಿಕವನ್ನು ತಲುಪಿದರು. ಅವರು ಊಟವನ್ನು ಹತ್ತು ಮೆಟ್ಟಿಲುಗಳಾಗಿ ವಿಂಗಡಿಸಿದ್ದರು. ಅತ್ಯುನ್ನತವೆಂದು ಎಣಿಸಲಾದ 'ಏಳನೆಯ ಸಂಖ್ಯೆಯ ಪಥ್ಯ'ದಲ್ಲಿ ಧಾನ್ಯದ ಹೊರತು ಬೇರೇನೂ ಇರಲಿಲ್ಲ. ನೀರನ್ನೂ ಮಿತವಾಗಿ ಕುಡಿಯಬೇಕಾಗಿತ್ತು.

ಈ ಕಟ್ಟುನಿಟ್ಟಿನ ಪಥ್ಯವೇ ಮೊದಲ ದುರಂತಕ್ಕೆ ಕಾರಣವಾಯಿತು. 1965ರಲ್ಲಿ ನ್ಯೂಜೆರ್ಸಿಯ ತರುಣಿಯೊಬ್ಬಳು ತಿಂಗಳುಗಟ್ಟಲೆ ಇದನ್ನೇ ಅನುಸರಿಸಿ ಅಸುನೀಗಿದಳು. ಸರ್ಕಾರದ ಆಹಾರ ಮತ್ತು ಔಷಧ ಇಲಾಖೆ ನ್ಯೂಯಾರ್ಕಿನ ಓಸಾವಾ ಪ್ರತಿಷ್ಠಾನದ ಮೇಲೆ ದಾಳಿ ನಡೆಸಿತು. ಅಲ್ಲಿನ ಚಟುವಟಿಕೆ ಕುಗ್ಗಿತು. ಇದಕ್ಕೂ ಮೊದಲೇ, 1961ರ ಬರ್ಲಿನ್ ಬಿಕ್ಕಟ್ಟಿನ ದಿನಗಳಲ್ಲಿ ಅಣುಯುದ್ಧಕ್ಕೆ ಅಂಜಿದ ಹದಿಮೂರು ಕುಟುಂಬಗಳು ನ್ಯೂಯಾರ್ಕನ್ನು ತೊರೆದು ಕ್ಯಾಲಿಫೋರ್ನಿಯದ ಚೀಕೋ ಪಟ್ಟಣದಲ್ಲಿ ನೆಲೆಸಿದ್ದವು. ಚಳವಳಿಯ ಮುಖ್ಯ ಶಾಖೆ ಮಾತ್ರ ಬೇರೂರಿದ್ದು ಬಾಸ್ಟನ್ನಿನಲ್ಲಿ.

ಅಂಗಡಿ, ಮನೆ, ಉಪನ್ಯಾಸ

ಬಾಸ್ಟನ್ ಸಮುದಾಯವನ್ನು ಕಟ್ಟಿದವರು ಮಿಚಿಯೋ ಕುಶಿ (1926-2014) ಮತ್ತು ಅವರ ಪತ್ನಿ ಅವೆಲೀನ್ ಕುಶಿ (1923-2001). ಮಿಚಿಯೋ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಓದಿದವರು. ಎರಡನೆಯ ಮಹಾಯುದ್ಧದ ವಿನಾಶವನ್ನು ಕಂಡು ವಿಶ್ವಶಾಂತಿಯ ಕನಸು ಹೊತ್ತವರು. 'ಒಂದೇ ಜಗತ್ತು, ಒಂದೇ ಸರ್ಕಾರ' ಎಂಬ ವಿಚಾರದ ಬೆನ್ನುಹತ್ತಿ 1949ರಲ್ಲಿ ಅಮೆರಿಕಕ್ಕೆ ಬಂದರು. ಮನುಷ್ಯನ ಮನಸ್ಸು ಶಾಂತವಾಗದೆ ಲೋಕಕ್ಕೆ ಶಾಂತಿಯಿಲ್ಲ, ಮನಸ್ಸು ಶಾಂತವಾಗಲು ಊಟ ಶುದ್ಧವಾಗಬೇಕು ಎಂಬುದು ಕ್ರಮೇಣ ಅವರ ನಿಲುವಾಯಿತು. ಅವೆಲೀನ್ ಓಸಾವಾ ಅವರ ಶಿಷ್ಯೆ. 1951ರಲ್ಲಿ ಅಮೆರಿಕಕ್ಕೆ ಬಂದು ಮಿಚಿಯೋ ಅವರ ಕೈಹಿಡಿದರು. 1960ರ ದಶಕದ ಮಧ್ಯಭಾಗದಲ್ಲಿ ದಂಪತಿಗಳು ಬಾಸ್ಟನ್ ಪ್ರದೇಶಕ್ಕೆ ಬಂದು ನೆಲೆಸಿದರು.

1966ರ ಏಪ್ರಿಲ್‌ನಲ್ಲಿ ನ್ಯೂಬರಿ ಬೀದಿಯ ಒಂದು ಕಟ್ಟಡದಲ್ಲಿ, ರಸ್ತೆಮಟ್ಟಕ್ಕಿಂತ ಕೆಳಗಿದ್ದ ಪುಟ್ಟ ಕೋಣೆಯಲ್ಲಿ 'ಎರೆವಾನ್' ಎಂಬ ಅಂಗಡಿ ತೆರೆಯಿತು. ಸ್ಯಾಮ್ಯುಯೆಲ್ ಬಟ್ಲರನ ಕಾದಂಬರಿಯೊಂದರ ಕಲ್ಪಿತ ನಾಡಿನ ಹೆಸರು ಅದು. ಆ ನಾಡಿನಲ್ಲಿ ಕಾಯಿಲೆ ಬೀಳುವುದೇ ಅಪರಾಧ. ಆ ಕಾದಂಬರಿ ಓಸಾವಾ ಅವರಿಗೆ ಪ್ರಿಯವಾಗಿತ್ತು. ಅಂಗಡಿಯಲ್ಲಿ ತೌಡು ತೆಗೆಯದ ಅಕ್ಕಿ, ಜಪಾನಿನ ಹುದುಗಿಸಿದ ಸೋಯಾ ಹಿಟ್ಟಾದ ಮಿಸೋ, ಸಮುದ್ರದ ಪಾಚಿ, ಎಳ್ಳು ಮುಂತಾದವು ದೊರೆಯುತ್ತಿದ್ದವು. 1967ರಲ್ಲಿ ಪಾಲ್ ಹಾಕನ್ ಎಂಬ ತರುಣ ಇದರ ಆಡಳಿತವನ್ನು ವಹಿಸಿಕೊಂಡ ಬಳಿಕ ಅಂಗಡಿಯ ಸ್ವರೂಪವೇ ಬದಲಾಯಿತು. ಉತ್ತಮ ಸಾವಯವ ಧಾನ್ಯ ಸಿಗದಿದ್ದಾಗ ರೈತರನ್ನೇ ಹುಡುಕಿಕೊಂಡು ಹೋಗಿ, ಆರ್ಕನ್ಸಾ ರಾಜ್ಯದಲ್ಲಿ ಅಕ್ಕಿಗೂ ಮಾಂಟಾನಾದಲ್ಲಿ ಗೋಧಿಗೂ ನೇರ ಒಪ್ಪಂದ ಮಾಡಿಕೊಳ್ಳಲಾಯಿತು. ಬೆಳೆಗಾರನಿಗೆ ಕೊಳ್ಳುವವರು ಖಚಿತವಾಗಿ ಇದ್ದಾರೆಂಬ ಭರವಸೆ ದೊರೆತುದರಿಂದಲೇ ರಾಸಾಯನಿಕ ರಹಿತ ಬೇಸಾಯಕ್ಕೆ ಅಲ್ಲಿ ಆರ್ಥಿಕ ನೆಲೆ ಸಿಕ್ಕಿತೆನ್ನಬೇಕು. ಇಂದಿನ ಸಾವಯವ ವ್ಯಾಪಾರದ ಬೀಜ ಇಲ್ಲಿದೆ.

ಅಂಗಡಿ ಸಮುದಾಯದ ಹೊರಮುಖವಾಗಿದ್ದರೆ, ಅದರ ಒಳಜೀವನ ನಡೆದದ್ದು 'ಅಧ್ಯಯನ ಗೃಹ'ಗಳಲ್ಲಿ. ಬಾಸ್ಟನ್ ಮತ್ತು ಅದಕ್ಕೆ ಅಂಟಿಕೊಂಡ ಬ್ರೂಕ್‌ಲೈನ್ ಪಟ್ಟಣದಲ್ಲಿ ದೊಡ್ಡ ಮನೆಗಳನ್ನು ಹಿಡಿದು, ತರುಣ ತರುಣಿಯರು ಒಟ್ಟಾಗಿ ಬಾಡಿಗೆ ಕೊಟ್ಟು, ಸರದಿಯಂತೆ ಅಡಿಗೆ ಮಾಡಿ ಉಣ್ಣುತ್ತಿದ್ದರು. ವಿಯಟ್ನಾಂ ಯುದ್ಧದಿಂದ ರೋಸಿಹೋಗಿ, ಮಾದಕ ದ್ರವ್ಯಗಳಿಂದ ದಣಿದು, ತಂದೆತಾಯಿಯರ ಜೀವನಕ್ರಮವನ್ನು ತ್ಯಜಿಸಿ ಬಂದವರು ಅವರಲ್ಲಿ ಅನೇಕರಿದ್ದರು. ಅವರಿಗೆ ಇಲ್ಲಿ ದಿನಚರಿ, ಗುರು, ಕೆಲಸ, ಸಹಪಂಕ್ತಿ ಎಲ್ಲವೂ ಒಮ್ಮೆಗೇ ದೊರೆತವು. ಅವೆಲೀನ್ ಅಡಿಗೆ ಕಲಿಸಿದರು. ಮಿಚಿಯೋ ಉಪನ್ಯಾಸ ನೀಡಿದರು. ಸನಾಯೆ, ಸೆವೆಂತ್ ಇನ್ ಎಂಬ ಭೋಜನಾಲಯಗಳು ತೆರೆದವು. 1971ರಲ್ಲಿ 'ಈಸ್ಟ್ ವೆಸ್ಟ್ ಜರ್ನಲ್' ಪತ್ರಿಕೆ, 1978ರಲ್ಲಿ ಕುಶಿ ಇನ್‌ಸ್ಟಿಟ್ಯೂಟ್ ಆರಂಭವಾದವು. ಇಲ್ಲಿ ಕಲಿತವರು ಲಂಡನ್, ಆಮ್‌ಸ್ಟರ್‌ಡ್ಯಾಂ ಮುಂತಾದೆಡೆಗಳಲ್ಲಿ ಕೇಂದ್ರಗಳನ್ನು ಸ್ಥಾಪಿಸಿದರು.

ಕುಶಿಯವರು ಬೋಧಿಸಿದ ಊಟ ಓಸಾವಾ ಅವರದ್ದಕ್ಕಿಂತ ಮೃದುವಾದುದು. ಊಟದ ಅರ್ಧ ಭಾಗ ಇಡೀ ಧಾನ್ಯ, ಕಾಲು ಭಾಗಕ್ಕೂ ಮಿಕ್ಕಿ ತರಕಾರಿ, ಉಳಿದಂತೆ ಬೇಳೆಕಾಳು, ಪಾಚಿ, ಮಿಸೋ ಸಾರು, ಒಮ್ಮೊಮ್ಮೆ ಬಿಳಿ ಮೀನು. ಹಾಲು, ಮಾಂಸ, ಸಕ್ಕರೆ ವರ್ಜ್ಯ. ಬದನೆ, ಟೊಮೇಟೊ, ಆಲೂಗಡ್ಡೆಗಳಿಗೂ ಬಹಿಷ್ಕಾರ. ಪ್ರತಿ ತುತ್ತನ್ನೂ ಐವತ್ತು ಸಲ ಅಗಿಯಬೇಕೆಂಬ ಉಪದೇಶ ಬೇರೆ. ತಾನಿರುವ ನೆಲದಲ್ಲಿ ಆಯಾ ಋತುವಿನಲ್ಲಿ ಬೆಳೆದುದನ್ನೇ ಉಣ್ಣಬೇಕೆಂಬುದು ಮೂಲಸೂತ್ರವಾಗಿದ್ದರೂ, ಮಿಸೋ, ಪಾಚಿ, ಉಪ್ಪುಹಾಕಿದ ಉಮೆಬೋಷಿ ಕಾಯಿಗಳು ಜಪಾನಿನಿಂದ ಹಡಗಿನಲ್ಲಿ ಬರುತ್ತಿದ್ದವು. ಗುರುವಿನ ತತ್ತ್ವದ ಜೊತೆಗೆ ಗುರುವಿನ ಊರಿನ ಅಡಿಗೆಮನೆಯೂ ಶಿಷ್ಯರಿಗೆ ಪೂಜ್ಯವಾಗಿಬಿಟ್ಟಿತ್ತು.

ವಿಜ್ಞಾನದ ತಕ್ಕಡಿಯಲ್ಲಿ

ಒಂದೇ ಬಗೆಯ ಊಟ ಮಾಡುವ ಇಷ್ಟು ಜನ ಒಂದೆಡೆ ಸಿಗುವುದು ವೈದ್ಯ ಸಂಶೋಧಕರಿಗೆ ಅಪರೂಪದ ಅವಕಾಶ. ಹಾರ್ವರ್ಡಿನ ಫ್ರಾಂಕ್ ಸ್ಯಾಕ್ಸ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಸ್ಟನ್ನಿನ ಈ ಸಸ್ಯಾಹಾರಿಗಳ ರಕ್ತದ ಕೊಲೆಸ್ಟರಾಲ್ ಸರಾಸರಿ 126 ಮಿಲಿಗ್ರಾಂ ಇದ್ದರೆ, ಹೋಲಿಕೆಗಾಗಿ ಆರಿಸಿದ ಸಾಮಾನ್ಯ ಅಮೆರಿಕನ್ನರಲ್ಲಿ ಅದು 184 ಮಿಲಿಗ್ರಾಂ ಇತ್ತು. ರಕ್ತದೊತ್ತಡವೂ ಕಡಿಮೆಯಿದ್ದುದು ಬೇರೊಂದು ಅಧ್ಯಯನದಲ್ಲಿ ಕಂಡುಬಂತು. ಹೃದಯದ ಮಟ್ಟಿಗೆ ಈ ಊಟ ಹಿತಕರವೆಂಬುದಕ್ಕೆ ಇದು ಬೆಲೆಯುಳ್ಳ ಸಾಕ್ಷ್ಯ.

ಮಕ್ಕಳ ವಿಷಯದಲ್ಲಿ ಮಾತ್ರ ಫಲಿತಾಂಶ ಬೇರೆ. ನೆದರ್ಲೆಂಡ್ಸಿನಲ್ಲಿ ಪೀಟರ್ ದಾಖ್‌ನೆಲೀ ಮತ್ತಿತರರು 1980ರ ದಶಕದಲ್ಲಿ ಮ್ಯಾಕ್ರೋಬಯಾಟಿಕ್ ಕುಟುಂಬಗಳ ಶಿಶುಗಳನ್ನು ಅಭ್ಯಸಿಸಿದಾಗ, ಎದೆಹಾಲು ಬಿಡಿಸಿದ ಬಳಿಕ ಬೆಳವಣಿಗೆ ಕುಂಠಿತವಾಗುವುದು, ಎಲುಬು ಮೆದುವಾಗುವ ರಿಕೆಟ್ಸ್, ಬಿ-12 ಜೀವಸತ್ವದ ತೀವ್ರ ಕೊರತೆ ಕಂಡುಬಂದವು. ಬಿ-12 ಸಸ್ಯಾಹಾರದಲ್ಲಿ ಸ್ವಭಾವತಃ ಇಲ್ಲವೆನ್ನುವಷ್ಟು ಕಡಿಮೆ. ಅದು ಹಾಲು, ಮೊಟ್ಟೆ, ಮೀನು, ಮಾಂಸಗಳಿಂದ ಬರಬೇಕು. ಮಿಸೋ ಮತ್ತು ಪಾಚಿಯಿಂದ ಅದು ದೊರೆಯುವುದೆಂಬ ನಂಬಿಕೆ ನಿಲ್ಲಲಿಲ್ಲ. ಸಂಶೋಧಕರು ಊಟವನ್ನು ತಿರಸ್ಕರಿಸಲಿಲ್ಲ; ಮಕ್ಕಳಿಗೆ ಎಣ್ಣೆ, ಕೊಬ್ಬುಳ್ಳ ಮೀನು, ಹಾಲಿನ ಪದಾರ್ಥಗಳನ್ನು ಸೇರಿಸಿರೆಂದು ಸೂಚಿಸಿದರು. ನಮ್ಮಲ್ಲಿಯೂ, ಪುಣೆಯಲ್ಲಿ ನಡೆದ ಅಧ್ಯಯನಗಳು ಸಸ್ಯಾಹಾರಿಗಳಲ್ಲಿ ಬಿ-12 ಕೊರತೆ ವ್ಯಾಪಕವಾಗಿರುವುದನ್ನು ತೋರಿಸಿವೆ. ಹಾಲು ಮೊಸರನ್ನೂ ಬಿಡಬೇಕೆನ್ನುವವರು ಇದನ್ನು ನೆನಪಿನಲ್ಲಿಡುವುದು ಅಗತ್ಯ.

ಗುಣಪಡಿಸುವ ಭರವಸೆ

1970ರ ದಶಕ ಮುಗಿಯುವ ವೇಳೆಗೆ ಸಮುದಾಯದ ಗಮನ ಶಾಂತಿಯಿಂದ ಕ್ಯಾನ್ಸರಿನ ಕಡೆಗೆ ಹೊರಳಿತು. ಫಿಲಡೆಲ್ಫಿಯದ ಆಸ್ಪತ್ರೆಯೊಂದರ ಮುಖ್ಯಸ್ಥರಾಗಿದ್ದ ಡಾ. ಆಂಟನಿ ಸಟಿಲಾರೋ ಅವರಿಗೆ 1978ರಲ್ಲಿ, ದೇಹದ ಹಲವೆಡೆ ಹರಡಿದ್ದ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಯಿತು. ಅವರು ಈ ಪಥ್ಯವನ್ನು ಹಿಡಿದು ಚೇತರಿಸಿಕೊಂಡರೆಂಬ ಸುದ್ದಿ ಪತ್ರಿಕೆಗಳಲ್ಲಿ ಹಬ್ಬಿತು; 1982ರಲ್ಲಿ ಅವರದೇ ಪುಸ್ತಕ ಹೊರಬಂತು. ರೋಗಿಗಳು ಬ್ರೂಕ್‌ಲೈನಿಗೆ ಧಾವಿಸಿದರು. ಅವರು ಶಸ್ತ್ರಚಿಕಿತ್ಸೆಯನ್ನೂ ಹಾರ್ಮೋನ್ ಚಿಕಿತ್ಸೆಯನ್ನೂ ಪಡೆದಿದ್ದರೆಂಬುದು ಈ ಗದ್ದಲದಲ್ಲಿ ಹಿಂದೆ ಸರಿಯಿತು. 1989ರಲ್ಲಿ ಅವರು ಕ್ಯಾನ್ಸರಿನಿಂದಲೇ ತೀರಿಕೊಂಡರು.

ಅವೆಲೀನ್ ಅವರಿಗೆ ಗರ್ಭಕೊರಳಿನ ಕ್ಯಾನ್ಸರ್ ತಗುಲಿ, 2001ರಲ್ಲಿ ಅವರು ನಿಧನರಾದರು. ಅದೇ ರೋಗಕ್ಕೆ ಅವರ ಮಗಳು 1995ರಲ್ಲಿಯೇ ಬಲಿಯಾಗಿದ್ದಳು. ಮಿಚಿಯೋ 2014ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ ಮೃತಪಟ್ಟರು. ಇದನ್ನು ಹಿಡಿದು ಆ ಊಟವೇ ಕೆಟ್ಟದ್ದೆಂದು ತೀರ್ಮಾನಿಸುವುದು ತರ್ಕವಲ್ಲ. ಒಬ್ಬ ರೋಗಿಯ ಚೇತರಿಕೆಯಿಂದ ಪಥ್ಯ ಔಷಧವಾಗದು. ಒಬ್ಬ ಗುರುವಿನ ಸಾವಿನಿಂದ ಅದು ವಿಷವೂ ಆಗದು. ಆದರೆ ಆ ಚೇತರಿಕೆಯ ಕಥೆಯ ಮೇಲೆಯೇ ಜನರ ನಂಬಿಕೆಯನ್ನು ಕಟ್ಟಿದವರಿಗೆ, ಈ ಸಾವುಗಳು ಬಂದಾಗ ಹೇಳಲು ಮಾತು ಉಳಿಯಲಿಲ್ಲ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಪಥ್ಯವನ್ನೇ ನೆಚ್ಚಿ ಚಿಕಿತ್ಸೆಯನ್ನು ಮುಂದೂಡುವ ರೋಗಿ ಕಳೆದುಕೊಳ್ಳುವ ಕಾಲ ಮತ್ತೆ ಬಾರದು.

ಇಳಿಮುಖ

ಅವನತಿ ಆರಂಭವಾದದ್ದು ಈ ಸಾವುಗಳಿಗಿಂತ ಬಹು ಮೊದಲು, ಅಂಗಡಿಯಿಂದ. ಎರೆವಾನ್ ದೊಡ್ಡ ಸಗಟು ಸಂಸ್ಥೆಯಾಗಿ ಬೆಳೆದಿತ್ತು. ಬೆಳವಣಿಗೆಗೆ ತಕ್ಕ ಬಂಡವಾಳ ಇರಲಿಲ್ಲ. ಹಾಕನ್ 1973ರಲ್ಲಿ ಹೊರಟುಹೋದರು. ಆದರ್ಶಕ್ಕಾಗಿ ಕಡಿಮೆ ಸಂಬಳಕ್ಕೆ ದುಡಿಯಲು ಬಂದವರು ಸಂಸಾರಸ್ಥರಾದಾಗ ಸಂಬಳದ ಪ್ರಶ್ನೆ ಎದ್ದಿತು. ದಶಕದ ಕೊನೆಗೆ ನೌಕರರು ಕಾರ್ಮಿಕ ಸಂಘ ಕಟ್ಟಿಕೊಂಡರು. 1981ರಲ್ಲಿ ಸಂಸ್ಥೆ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೊಕ್ಕು, ಮರುವರ್ಷ ಪರರ ಪಾಲಾಯಿತು. ಸಮುದಾಯದ ಬಹುಜನರಿಗೆ ಅನ್ನ ನೀಡುತ್ತಿದ್ದ ಆಸರೆ ಕುಸಿಯಿತು.

ಎರಡನೆಯ ಕಾರಣ ಅವರ ಗೆಲುವು. ಒಂದು ಕಾಲಕ್ಕೆ ಕಂದು ಅಕ್ಕಿಗಾಗಿ ನ್ಯೂಬರಿ ಬೀದಿಗೆ ಬರಲೇಬೇಕಾಗಿತ್ತು; ಅದು ಎಲ್ಲೆಡೆ ಸಿಗತೊಡಗಿದ ಮೇಲೆ, ಊಟಕ್ಕಾಗಿ ಗುರುವಿನ ಮನೆಯಲ್ಲಿ ವಾಸಿಸುವ ಅಗತ್ಯ ಉಳಿಯಲಿಲ್ಲ. 'ಈಸ್ಟ್ ವೆಸ್ಟ್' ಪತ್ರಿಕೆಯೂ 1992ರಲ್ಲಿ ಹೆಸರು ಬದಲಿಸಿ ಸಾಮಾನ್ಯ ಆರೋಗ್ಯ ಪತ್ರಿಕೆಯಾಯಿತು. ಕುಶಿ ಇನ್‌ಸ್ಟಿಟ್ಯೂಟ್ ನಗರವನ್ನು ಬಿಟ್ಟು, ರಾಜ್ಯದ ಪಶ್ಚಿಮದ ಬೆಕೆಟ್ ಗ್ರಾಮದ ಬಳಿ ಸುಮಾರು 600 ಎಕರೆಯ ಬೆಟ್ಟಪ್ರದೇಶಕ್ಕೆ ಸರಿಯಿತು. ವಾರವೊಂದರ ಶಿಬಿರಕ್ಕೆ ಬಂದು ಹೋಗುವ ಅತಿಥಿಗಳು ನಿತ್ಯದ ಸಹಪಂಕ್ತಿಯ ಸ್ಥಾನವನ್ನು ತುಂಬಲಾರರು. ಮಿಚಿಯೋ ನಿಧನರಾದ ಕೆಲವೇ ವರ್ಷಗಳಲ್ಲಿ ಅಲ್ಲಿನ ಶಿಕ್ಷಣವೂ ನಿಂತಿತು.

ಉಳಿದದ್ದು

1999ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆ ಕುಶಿ ದಂಪತಿಗಳ ಕಾಗದಪತ್ರಗಳನ್ನೂ ವಸ್ತುಗಳನ್ನೂ ತನ್ನ ರಾಷ್ಟ್ರೀಯ ಇತಿಹಾಸ ಸಂಗ್ರಹಾಲಯಕ್ಕೆ ಸೇರಿಸಿಕೊಂಡಿತು. ಲಾಸ್ ಏಂಜಲೀಸಿನಲ್ಲಿ 1969ರಲ್ಲಿ ತೆರೆದ ಎರೆವಾನ್ ಶಾಖೆ ಕೈಯಿಂದ ಕೈಗೆ ಸಾಗಿ, ಇಂದು ಸಿರಿವಂತರ ದುಬಾರಿ ಮಳಿಗೆಗಳ ಸಾಲಾಗಿ ಹೆಸರಾಗಿದೆ. ಬಡ ತರುಣರು ಚೀಲದಿಂದ ಅಕ್ಕಿ ತೂಗಿಕೊಡುತ್ತಿದ್ದ ಅಂಗಡಿಯ ಹೆಸರಿಗೆ ಇಂಥ ಗತಿ ಒದಗಿದ್ದು ವಿಪರ್ಯಾಸವೇ ಸರಿ.

ನಮ್ಮ ಮನೆಗಳಿಗೂ ರಾಗಿ, ನವಣೆ, ಸಾಮೆಗಳು ಮರಳಿ ಬರುತ್ತಿವೆ; ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿತು. ಇದು ಸ್ವಾಗತಾರ್ಹ. ಆದರೆ ಇಂತಿಂಥ ಧಾನ್ಯದಿಂದ ಇಂತಿಂಥ ಮಹಾರೋಗ ವಾಸಿಯೆಂಬ ಮಾತೂ ಅದರ ಬೆನ್ನಿಗೇ ಬರುತ್ತಿದೆ. ಬಾಸ್ಟನ್ನಿನ ಜನ ಧಾನ್ಯದ ವಿಷಯದಲ್ಲಿ ಬಹುಮಟ್ಟಿಗೆ ಸರಿಯಾಗಿದ್ದರು, ಔಷಧದ ವಿಷಯದಲ್ಲಿ ಎಡವಿದರು. ಊಟ ಬಲ್ಲವನಿಗೆ ರೋಗ ವಿರಳವಾಗಬಹುದು. ರೋಗ ಬಂದಾಗ ವೈದ್ಯನಲ್ಲಿಗೆ ಹೋಗಬೇಕೆಂಬುದನ್ನು ಬಲ್ಲವನು ಮಾತ್ರ ಊಟದ ಫಲವನ್ನು ಬಹುಕಾಲ ಉಣ್ಣಬಲ್ಲನು.