ಮೀನು ಸತ್ತದ್ದು ಕಂಟಕದಿಂದಲ್ಲ

ಟಿ.ಬಿ. (ತುಂಗಭದ್ರಾ) ಡ್ಯಾಂ ನೋಡಲು ಹೋದ ಮಕ್ಕಳು ಅಲ್ಲಿನ ಅಕ್ವೇರಿಯಂ ನೋಡಿಕೊಂಡು ಬಂದ ಮೇಲೆ ಮನೆಯಲ್ಲಿ ಹಠ ಶುರುವಾಗುತ್ತದೆ. ಕುಷ್ಟಗಿಯಿಂದಲೋ ಕೊಪ್ಪಳದಿಂದಲೋ ಒಂದು ದುಂಡನೆಯ ಗಾಜಿನ ಬೌಲು, ಆಕ್ಸಿಜನ್ ತುಂಬಿ ರಬ್ಬರ್ ಬ್ಯಾಂಡ್ ಬಿಗಿದ ಚೀಲದಲ್ಲಿ ಎರಡು ಕೆಂಪು ಗೋಲ್ಡ್‌ಫಿಶ್ ತಾವರಗೇರಾದ ಮನೆಗೆ ಬರುತ್ತವೆ. ಮೂರನೆಯ ದಿನ ನೀರು ಮಸುಕಾಗುತ್ತದೆ. ಐದನೆಯ ದಿನ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗುತ್ತವೆ. ವಾರದೊಳಗೆ ಒಂದು ಹೊಟ್ಟೆ ಮೇಲಾಗಿ ತೇಲುತ್ತದೆ. "ಏನ್ ತಂದ್ರೂ ಸಾಯ್ತಾವಲ್ರೀ, ಯಾಕ?" ಎಂದು ಮನೆಯವರು ಕೇಳುವಷ್ಟರಲ್ಲಿ ನೆರೆಯವರ ಉತ್ತರ ಸಿದ್ಧ: "ಮನಿಗೆ ಬರೋ ಕಂಟಕ ಅದರ ಮ್ಯಾಲೆ ಹೋತು ಬಿಡ್ರಿ, ಛಲೋನ ಆತು."

ಈ ಮಾತು ಕರ್ನಾಟಕದ ಉದ್ದಗಲಕ್ಕೂ ಇದೆ. ಎಂಟು ಕೆಂಪು ಮೀನು, ಒಂದು ಕಪ್ಪು ಮೀನು ಸಾಕಬೇಕು, ಕಪ್ಪು ಮೀನು ದೃಷ್ಟಿ ಎಳೆದುಕೊಳ್ಳುತ್ತದೆ ಎಂಬ ಲೆಕ್ಕ ಚೀನಾದ ಫೆಂಗ್‌ಶೂಯಿಯದು. ನಮ್ಮಲ್ಲಿ ಅದನ್ನು ವಾಸ್ತುವಿನ ಹೆಸರಿನಲ್ಲಿ ಮಾರುತ್ತಾರೆ. ನಂಬಿಕೆ ಯಾರದ್ದಾದರೂ ಇರಲಿ, ಅದರಿಂದ ಆಗುವ ಹಾನಿ ಮಾತ್ರ ಸಣ್ಣದಲ್ಲ. ಮೀನು ಸತ್ತದ್ದು ಒಳ್ಳೆಯದೇ ಆಯಿತು ಎಂದುಕೊಂಡವರು ಅದು ಯಾಕೆ ಸತ್ತಿತು ಎಂದು ಹುಡುಕುವುದಿಲ್ಲ. ಮತ್ತದೇ ಬೌಲಿಗೆ ಮತ್ತೆರಡು ಮೀನು ಬರುತ್ತವೆ, ಅವೂ ಸಾಯುತ್ತವೆ.

ಗೋಲ್ಡ್‌ಫಿಶ್ ನಿಜಕ್ಕೂ ಎಷ್ಟು ವರ್ಷ ಬದುಕಬೇಕು? ಸರಿಯಾಗಿ ಸಾಕಿದರೆ ಹತ್ತರಿಂದ ಹದಿನೈದು ವರ್ಷ, ಇಪ್ಪತ್ತು ದಾಟಿದವೂ ಇವೆ. ಇಂಗ್ಲೆಂಡಿನಲ್ಲಿ 1956ರಲ್ಲಿ ಒಬ್ಬ ಹುಡುಗ ಜಾತ್ರೆಯ ಆಟದಲ್ಲಿ ಗೆದ್ದು ತಂದ 'ಟಿಶ್' ಎಂಬ ಗೋಲ್ಡ್‌ಫಿಶ್ ಸತ್ತದ್ದು 1999ರಲ್ಲಿ. ಅಂದರೆ 43 ವರ್ಷ! ಗಿನ್ನೆಸ್ ದಾಖಲೆಯಲ್ಲಿ ಅದರ ಹೆಸರಿದೆ. ವಾರಕ್ಕೇ ಮುಗಿಯುವ ಜೀವ ಅದಲ್ಲ.

ಮುಗಿಯಬಾರದು ಎನ್ನಲು ಇನ್ನೂ ದೊಡ್ಡ ಕಾರಣವೊಂದಿದೆ. ಗೋಲ್ಡ್‌ಫಿಶ್ ಮತ್ತು ಅದರ ಹತ್ತಿರದ ಸಂಬಂಧಿ ಕ್ರೂಷಿಯನ್ ಕಾರ್ಪ್ ಚಳಿದೇಶದ ಕೊಳಗಳಲ್ಲಿ, ಮೇಲೆ ಮಂಜುಗಡ್ಡೆ ಹೆಪ್ಪುಗಟ್ಟಿ ನೀರಿನಲ್ಲಿ ಆಮ್ಲಜನಕವೇ ಇಲ್ಲದಾದಾಗಲೂ ಬದುಕಿರುತ್ತವೆ. ಕ್ರೂಷಿಯನ್ ಕಾರ್ಪ್ ಅಂತೂ ತಿಂಗಳುಗಟ್ಟಲೆ ಹಾಗೇ ಇರಬಲ್ಲದು. ಆಮ್ಲಜನಕವಿಲ್ಲದೆ ದುಡಿದರೆ ನಮ್ಮ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಸೇರುತ್ತದೆ. ಅದು ಮಿತಿ ಮೀರಿದರೆ ಪ್ರಾಣಕ್ಕೇ ಅಪಾಯ. ಈ ಮೀನುಗಳು ಆ ಆಮ್ಲವನ್ನು ಮದ್ಯಸಾರವಾಗಿ ಬದಲಿಸುತ್ತವೆ! ಹೌದು, ಸೆರೆಯಲ್ಲಿರುವ ಅದೇ ಎಥನಾಲ್. ಅದು ಕಿವಿರುಗಳ ಮೂಲಕ ಸಲೀಸಾಗಿ ನೀರಿಗೆ ಹೋಗಿಬಿಡುತ್ತದೆ. ಗೋಲ್ಡ್‌ಫಿಶ್ ಮದ್ಯಸಾರ ತಯಾರಿಸುತ್ತದೆ ಎಂಬುದು 1980ರಲ್ಲೇ ಗೊತ್ತಾಗಿತ್ತು. ಹೇಗೆ ಎಂಬುದನ್ನು 2017ರಲ್ಲಿ ಓಸ್ಲೋ ಮತ್ತು ಲಿವರ್‌ಪೂಲ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಬಿಡಿಸಿ ತೋರಿಸಿದರು. ಲಕ್ಷಾಂತರ ವರ್ಷಗಳ ಹಿಂದೆ ಈ ಮೀನುಗಳ ಪೂರ್ವಜರಲ್ಲಿ ಇಡೀ ವಂಶವಾಹಿ ಸಮೂಹವೇ ಇಮ್ಮಡಿಯಾಗಿತ್ತು. ಹಾಗೆ ಹೆಚ್ಚುವರಿಯಾಗಿ ಉಳಿದ ಕಿಣ್ವದ ಒಂದು ಪ್ರತಿ ಮುಂದೆ ಬೇರೆ ಕೆಲಸ ಕಲಿತು, ಬಿಯರ್ ತಯಾರಿಸುವ ಯೀಸ್ಟಿನ ದಾರಿ ಹಿಡಿಯಿತು. ಆಮ್ಲಜನಕ ಇರುವವರೆಗೆ ಅದು ಸುಮ್ಮನಿದ್ದು, ಇಲ್ಲವಾದ ಕೂಡಲೇ ಚಾಲೂ ಆಗುತ್ತದೆ. ಆಗ ಕ್ರೂಷಿಯನ್ ಕಾರ್ಪಿನ ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂಗೂ ಹೆಚ್ಚು ಮದ್ಯಸಾರ ಇರುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕರಿಗೆ ಹಾಕಿದ ಮಿತಿ 30 ಮಿಲಿಗ್ರಾಂ.

ಹಿಮದಡಿಯಲ್ಲಿ ಉಸಿರೇ ಇಲ್ಲದೆ ಬದುಕುವ ಇಂಥ ಗಟ್ಟಿ ಜೀವವನ್ನು ಐದು ಲೀಟರಿನ ಬೌಲು ಒಂದೇ ವಾರದಲ್ಲಿ ಕೊಲ್ಲುವುದು ಹೇಗೆ?

ಕೊಲ್ಲುವುದು ಅಮೋನಿಯಾ. ನಾವು ದೇಹದ ಸಾರಜನಕದ ಕಸವನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಹೊರಹಾಕುತ್ತೇವೆ. ಮೀನು ಅದನ್ನು ಬಹುಪಾಲು ಅಮೋನಿಯಾ ರೂಪದಲ್ಲೇ ಕಿವಿರುಗಳಿಂದ ಬಿಡುತ್ತಿರುತ್ತದೆ. ನದಿಯಲ್ಲಿ, ಕೆರೆಯಲ್ಲಿ ಅದು ತೇಲಿಹೋಗುತ್ತದೆ. ಬೌಲಿನಲ್ಲಿ ಹೋಗಲು ಜಾಗವಿಲ್ಲ. ಮಕ್ಕಳು ಪ್ರೀತಿಯಿಂದ ಹಾಕಿದ ಕಾಳು ತಿನ್ನದೆ ಉಳಿದು ಕೊಳೆತರೆ ಅದೂ ಅಮೋನಿಯಾವೇ. ಅದು ಮೊದಲು ಕಿವಿರುಗಳನ್ನು ಸುಡುತ್ತದೆ. ಮೇಲೆ ಬಂದು ಬಾಯಿ ತೆರೆಯುವ ಮೀನಿಗೆ ಹಸಿವಾಗಿದೆ ಎಂದು ಮನೆಯವರು ಇನ್ನಷ್ಟು ಕಾಳು ಹಾಕುತ್ತಾರೆ. ಅದು ಹಸಿವಲ್ಲ, ಉಸಿರುಕಟ್ಟುವಿಕೆ.

ಇಲ್ಲಿ ಕುಷ್ಟಗಿ, ಯಲಬುರ್ಗಾ ಸೀಮೆಯ ನೀರಿನದ್ದೇ ಒಂದು ಕಥೆ ಇದೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಒಂದು ಅಷ್ಟಾಗಿ ಬಾಧಿಸದ್ದು, ಇನ್ನೊಂದು ಘೋರ ವಿಷ. ನೀರಿನ ಪಿಎಚ್ 7ರಿಂದ 8ಕ್ಕೆ ಏರಿದರೆ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ನೀರು ಬಿಸಿಯಾದರೆ ಮತ್ತೂ ಹೆಚ್ಚುತ್ತದೆ. ಫ್ಲೋರೈಡಿನ ಪೀಡೆಗೆ ಹೆಸರಾದ ಈ ಭಾಗದ ಬೋರ್‌ವೆಲ್ ನೀರು ಗಡಸು, ಕ್ಷಾರದ ಕಡೆ ವಾಲಿದ್ದು. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಸಾಲದ್ದಕ್ಕೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 35 ಡಿಗ್ರಿಯಲ್ಲಿ 7 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಗೋಲ್ಡ್‌ಫಿಶ್ಶಿನ ಮದ್ಯಸಾರದ ವಿದ್ಯೆ ಕೊರೆಯುವ ಚಳಿಯಲ್ಲಿ, ಮೈ ನಿಧಾನವಾದಾಗ ನಡೆಯುವಂಥದ್ದು. ಏಪ್ರಿಲ್ ತಿಂಗಳ ತಾವರಗೇರಾದಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಎಲ್ಲರೂ ಮೊದಲು ತರುವ ಗೋಲ್ಡ್‌ಫಿಶ್ಶೇ ಈ ಸೀಮೆಯ ಹೊಸಬರಿಗೆ ಎಲ್ಲಕ್ಕಿಂತ ಕಷ್ಟದ ಮೀನು.

ಕೆಲವರು ಮೀನಿಗೂ ಒಳ್ಳೆಯದೆಂದು ಶುದ್ಧ ನೀರಿನ ಘಟಕದ ಆರ್‌ಓ ನೀರನ್ನೇ ತುಂಬುತ್ತಾರೆ. ಅದರಲ್ಲಿ ಖನಿಜಾಂಶ ಹೆಚ್ಚುಕಡಿಮೆ ಇರುವುದೇ ಇಲ್ಲ, ಪಿಎಚ್ ಕೂಡ ನಿಲ್ಲುವುದಿಲ್ಲ. ಬೋರ್‌ವೆಲ್ ನೀರಿಗೆ ಅರ್ಧ ಬೆರೆಸಬಹುದು, ಬರಿಯ ಆರ್‌ಓ ಬೇಡ. ಬ್ಲೀಚಿಂಗ್ ಪೌಡರ್ ಹಾಕಿದ ನಲ್ಲಿ ನೀರಾದರೆ ಒಂದು ದಿನ ಬಕೆಟಿನಲ್ಲಿ ತೆರೆದಿಟ್ಟು ಬಳಸಬೇಕು.

ಅಮೋನಿಯಾಕ್ಕೆ ಮದ್ದು ಅಂಗಡಿಯ ಬಾಟಲಿಯಲ್ಲಿಲ್ಲ, ಬ್ಯಾಕ್ಟೀರಿಯಾಗಳಲ್ಲಿದೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಮತ್ತೊಂದು ಗುಂಪು ನೈಟ್ರೈಟನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಇವು ಫಿಲ್ಟರಿನ ಸ್ಪಂಜಿನ ಮೇಲೆ, ತಳದ ಹರಳಿನ ಮೇಲೆ ಕಂದು ಲೋಳೆಯಾಗಿ ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ಆ ಕಂದು ಲೋಳೆಯೇ ತೊಟ್ಟಿಯ ಪ್ರಾಣ. ನಮ್ಮಲ್ಲಿ ನಡೆಯುವುದು ತದ್ವಿರುದ್ಧ. ಭಾನುವಾರ ಬಂತೆಂದರೆ ಮೀನನ್ನು ಚೊಂಬಿಗೆ ಹಾಕಿ, ನೀರೆಲ್ಲ ಚೆಲ್ಲಿ, ಹರಳು, ಸ್ಪಂಜು, ಗಾಜು ಎಲ್ಲವನ್ನೂ ಸೋಪಿನ ಪುಡಿ ಹಾಕಿ ತಿಕ್ಕಿ ಫಳಫಳ ಮಾಡುತ್ತಾರೆ. ತೊಟ್ಟಿ ಹೊಸದರಂತೆ ಹೊಳೆಯುತ್ತದೆ, ಬ್ಯಾಕ್ಟೀರಿಯಾ ಪೂರ್ತಿ ಸತ್ತಿರುತ್ತವೆ. ಬುಧವಾರದ ಹೊತ್ತಿಗೆ ಮೀನೂ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಹೊರತೆಗೆದ ಆ ಹಳೇ ನೀರಿನಲ್ಲೇ ಸ್ಪಂಜನ್ನು ಹಿಂಡಿ ಮತ್ತೆ ಇಟ್ಟರೆ ಸಾಕು.

ತೊಟ್ಟಿ ಎಷ್ಟು ದೊಡ್ಡದಿರಬೇಕು ಎಂದರೆ ಅಂಗಡಿಯವರು ಹೇಳುವ ಒಂದು ಮಾತಿದೆ: "ಮೀನು ತೊಟ್ಟಿ ಇದ್ದಷ್ಟೇ ಬೆಳೀತೈತಿ." ಇದಕ್ಕಿಂತ ಕೆಟ್ಟ ಸುಳ್ಳು ಈ ವ್ಯಾಪಾರದಲ್ಲಿ ಇನ್ನೊಂದಿಲ್ಲ. ಸಣ್ಣ ತೊಟ್ಟಿಯಲ್ಲಿ ಮೀನು ಬೆಳೆಯದೆ ನಿಲ್ಲುವುದು ನೀರು ಕೆಟ್ಟು ಬೆಳವಣಿಗೆ ಕುಂಠಿತವಾಗಿ. ಅಮೆರಿಕದ ಮಿನ್ನೆಸೋಟದಲ್ಲಿ ಯಾರೋ ಕೆರೆಗೆ ಬಿಟ್ಟ ಗೋಲ್ಡ್‌ಫಿಶ್‌ಗಳು ಒಂದಡಿಗೂ ಮೀರಿ ಬೆಳೆದು, 2021ರಲ್ಲಿ ಬರ್ನ್ಸ್‌ವಿಲ್ ನಗರಾಡಳಿತ ಅವುಗಳ ಫೋಟೊ ಹಾಕಿ ದಯವಿಟ್ಟು ಬಿಡಬೇಡಿ ಎಂದು ಜನರನ್ನು ಕೇಳಿಕೊಳ್ಳಬೇಕಾಯಿತು. ಅಂಗಡಿಯಲ್ಲಿ ಬೆರಳುದ್ದದ ಚೆಂದದ 'ಶಾರ್ಕ್' ಎಂದು ಮಾರುವ ಮೀನು ಶಾರ್ಕ್ ಅಲ್ಲವೇ ಅಲ್ಲ. ಅದು ಮೆಕಾಂಗ್ ನದಿಯ ಪಂಗಾಸಿಯಸ್. ಆಂಧ್ರದ ಹೊಂಡಗಳಲ್ಲಿ ಅದನ್ನೇ ಸಾಕಿ, ಹೋಟೆಲುಗಳಲ್ಲಿ 'ಬಾಸಾ' ಎಂದು ಬಡಿಸುತ್ತಾರೆ. ಪೂರ್ತಿ ಬೆಳೆದರೆ ಒಂದು ಮೀಟರಿಗೂ ಹೆಚ್ಚು ಉದ್ದ. ಗಾಜು ನೆಕ್ಕಿ ಸ್ವಚ್ಛ ಮಾಡುತ್ತದೆ ಎಂದು ಕೊಡುವ 'ಸಕ್ಕರ್' ಮೀನು ಒಂದೂವರೆ ಅಡಿ ತಲುಪುತ್ತದೆ. ವಾಸ್ತುವಿಗೆಂದು ದುಡ್ಡು ಸುರಿದು ತರುವ ಅರೋವಾನಾಕ್ಕೆ ಆರಡಿ ಉದ್ದದ ತೊಟ್ಟಿಯೂ ಕಡಿಮೆಯೇ, ಅದರ ಆಯುಷ್ಯ ಇಪ್ಪತ್ತು ವರ್ಷ.

ನೀರಿನ ಲೆಕ್ಕ ಸುಲಭ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 54 ಲೀಟರ್. ಹೊಸಬರಿಗೆ ಇದಕ್ಕಿಂತ ಚಿಕ್ಕದು ಬೇಡ, ಯಾಕೆಂದರೆ ನೀರು ಹೆಚ್ಚಿದ್ದಷ್ಟೂ ವಿಷ ಏರುವುದು ನಿಧಾನ, ತಪ್ಪು ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಇಷ್ಟು ನೀರಿನಲ್ಲಿ ಐದಾರು ಗಪ್ಪಿಗಳು ಸುಖವಾಗಿರುತ್ತವೆ, ಎರಡು ಮೂರು ವರ್ಷ ಬದುಕುತ್ತವೆ. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ನೀರಿನ ತೊಟ್ಟಿಗಳಿಗೆ ಬಿಡುವುದೂ ಈ ಗಪ್ಪಿಯನ್ನೇ. ಮೊಲ್ಲಿ ಮೂರರಿಂದ ಐದು ವರ್ಷ. ಗಡಸು ನೀರೆಂದರೆ ಅದಕ್ಕೆ ಇಷ್ಟ, ಕುಷ್ಟಗಿ ಬೋರ್‌ವೆಲ್ಲಿಗೆ ಹೇಳಿ ಮಾಡಿಸಿದ ಮೀನು. ಬೆಟ್ಟಾಕ್ಕೆ ಇಪ್ಪತ್ತು ಲೀಟರ್ ಸಾಕು, ಒಂಟಿಯಾಗಿರಬೇಕು, ಆಯುಷ್ಯ ಮೂರರಿಂದ ಐದು ವರ್ಷ. ಬೆಟ್ಟಾ ಮತ್ತು ಗೌರಾಮಿಗಳ ತಲೆಯಲ್ಲಿ ಗಾಳಿ ಉಸಿರಾಡಲೆಂದೇ ಒಂದು ಅಂಗವಿದೆ. ಕರೆಂಟು ಹೋಗಿ ಗಾಳಿ ಮೋಟಾರು ನಿಂತರೂ ಮೇಲೆ ಬಂದು ಗುಟುಕು ಗಾಳಿ ತೆಗೆದುಕೊಂಡು ಹೋಗುತ್ತವೆ. ಲೋಡ್ ಶೆಡ್ಡಿಂಗಿನ ಊರಿಗೆ ಇದು ದೊಡ್ಡ ಗುಣ. ಏಂಜೆಲ್ ಫಿಶ್ ಹತ್ತು ವರ್ಷದವರೆಗೆ ಬದುಕುವ, ನೂರಿಪ್ಪತ್ತು ಲೀಟರಿನ ಎತ್ತರದ ತೊಟ್ಟಿ ಬೇಡುವ ಮೀನು. ನಿಯಾನ್ ಟೆಟ್ರಾಕ್ಕೆ ಮೆದು ನೀರು ಬೇಕು, ಈ ಕಡೆಗೆ ಅದು ಬೇಡ. ಗೋಲ್ಡ್‌ಫಿಶ್ಶೇ ಬೇಕು ಎನ್ನುವವರು ದುಂಡು ಹೊಟ್ಟೆಯ ಒಂದು ಜೋಡಿಗೆ ನೂರೈವತ್ತು ಲೀಟರ್ ಒದಗಿಸಲಿ, ಬೇಸಿಗೆಯಲ್ಲಿ ನೀರಿನ ಮೇಲೆ ಫ್ಯಾನ್ ಬೀಸಲಿ.

ಹೊಸದಾಗಿ ತೊಟ್ಟಿ ತರುವವರಲ್ಲಿ ಒಂದು ಕೋರಿಕೆ. ತೊಟ್ಟಿ ಮತ್ತು ಮೀನನ್ನು ಒಂದೇ ದಿನ ತರಬೇಡಿ. ಮೊದಲು ನೀರು ತುಂಬಿ ಫಿಲ್ಟರ್ ಓಡಿಸಿ, ದಿನಕ್ಕೆ ಚಿಟಿಕೆ ಕಾಳು ಹಾಕಿ ಒಂದೂವರೆ ತಿಂಗಳು ಬಿಡಿ. ಆಮೇಲೆ ಎರಡು ಮೊಲ್ಲಿ ತನ್ನಿ, ಅವು ಚೆನ್ನಾಗಿದ್ದರೆ ಮತ್ತೆರಡು. ಸಾಕಲಾಗದಷ್ಟು ದೊಡ್ಡದಾದ ಮೀನನ್ನು ಅಂಗಡಿಗೇ ಮರಳಿಸಿ. ಪುಣ್ಯ ಬರುತ್ತದೆಂದು ಊರ ಕೆರೆಗೋ ತುಂಗಭದ್ರಾ ಕಾಲುವೆಗೋ ಬಿಡಬೇಡಿ. ಹಾಗೆ ಬಿಟ್ಟ ಸಕ್ಕರ್ ಮೀನುಗಳು ಆಂಧ್ರದ ಕೆರೆಗಳಲ್ಲಿ ಈಗಾಗಲೇ ಮೀನುಗಾರರ ಬಲೆ ಹರಿಯುತ್ತಿವೆ.