ಬೆನ್ನ ಮುಚ್ಚಳ ಬಿಗಿದುಕೊಂಡ ಕಥೆ

2007ರ ಆಗಸ್ಟ್ 14ರಂದು ನೋಕಿಯಾ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ತನ್ನ ಬಿಎಲ್-5ಸಿ ಬ್ಯಾಟರಿಗಳ ಪೈಕಿ ಜಪಾನಿನ ಮತ್ಸುಶಿಟಾ ಕಂಪನಿ 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ತಯಾರಿಸಿದ 4.6 ಕೋಟಿ ಬ್ಯಾಟರಿಗಳು ಚಾರ್ಜಿಗೆ ಹಾಕಿದಾಗ ಒಳಗೇ ಶಾರ್ಟ್ ಆಗಿ ವಿಪರೀತ ಕಾಯಬಹುದು, ಅಂಥವನ್ನು ಪುಕ್ಕಟೆ ಬದಲಿಸಿಕೊಡುತ್ತೇವೆ ಎಂಬುದು ಅದರ ಸಾರ. ಅಷ್ಟರೊಳಗೆ ಜಗತ್ತಿನಾದ್ಯಂತ ಸುಮಾರು ನೂರು ಕಡೆ ಹಾಗಾಗಿತ್ತು.

ಸುದ್ದಿ ನಮ್ಮ ಊರುಗಳಿಗೆ ಬರುವ ಹೊತ್ತಿಗೆ ‘ನೋಕಿಯಾ ಫೋನು ಸಿಡಿಯುತ್ತದಂತೆ’ ಎಂದಾಗಿತ್ತು. ಸರ್ವಿಸ್ ಸೆಂಟರುಗಳ ಮುಂದೆ ಜನ ನೆರೆದರು. ಬ್ಯಾಟರಿ ಬಿಚ್ಚಿ, ಅದರ ಬೆನ್ನಿನ ಮೇಲಿದ್ದ 26 ಅಂಕಿ-ಅಕ್ಷರಗಳ ಸಾಲನ್ನು ಬೆಳಕಿಗೆ ಹಿಡಿದು ಓದಿಸಿಕೊಂಡರು.

ನನಗೆ ಮುಖ್ಯವೆನಿಸುವುದು ಆ ಗಾಬರಿಯಲ್ಲ, ಅದು ಮುಗಿದ ರೀತಿ. ಬ್ಯಾಟರಿ ಬದಲಾಯಿತು, ಫೋನು ಉಳಿಯಿತು. ಅದರೊಳಗಿನ ನಂಬರುಗಳು, ಮೆಸೇಜುಗಳು ಇದ್ದಲ್ಲೇ ಇದ್ದವು. ಇದಕ್ಕೆ ಕಾರಣ ಒಂದೇ: ಹಿಂದಿನ ಮುಚ್ಚಳವನ್ನು ಯಾರು ಬೇಕಾದರೂ ಬೆರಳಲ್ಲೇ ತೆಗೆಯಬಹುದಿತ್ತು.

ಬಿಎಲ್-5ಸಿಯ ದೊಡ್ಡತನ ಇನ್ನೊಂದಿತ್ತು. ತಲೆಯ ಮೇಲೆ ಟಾರ್ಚ್ ಇದ್ದ ಅಗ್ಗದ 1100ಕ್ಕೂ, ಕೈಯಲ್ಲಿದ್ದರೆ ನಾಲ್ಕು ಜನ ತಿರುಗಿ ನೋಡುತ್ತಿದ್ದ ದುಬಾರಿ 6600ಕ್ಕೂ ಅದೇ ಬ್ಯಾಟರಿ. ಹೀಗಾಗಿ ಹೋಬಳಿ ಕೇಂದ್ರದ ರೀಚಾರ್ಜ್ ಅಂಗಡಿಯಲ್ಲೂ ಅದು ಸಿಗುತ್ತಿತ್ತು. ಹಳೆಯದು ಉಬ್ಬಿದೆಯೇ ಎಂದು ನೋಡಲು ಅಂಗಡಿಯವರು ಅದನ್ನು ಗಾಜಿನ ಕೌಂಟರಿನ ಮೇಲಿಟ್ಟು ಬೆರಳಿನಿಂದ ತಿರುಗಿಸುತ್ತಿದ್ದರು. ಗಿರ್ರನೆ ಸುತ್ತಿದರೆ ಅದರ ಕಥೆ ಮುಗಿಯಿತು. ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲದ ಕಡೆ ಜನ ಎರಡನೆಯ ಬ್ಯಾಟರಿ ಇಟ್ಟುಕೊಳ್ಳುತ್ತಿದ್ದರು. ಎರಡು ಸಣ್ಣ ಪಿನ್ನುಗಳ ‘ಯೂನಿವರ್ಸಲ್ ಚಾರ್ಜರ್’ಗೆ ಅದನ್ನು ಕಚ್ಚಿಸಿದರೆ ಕೆಂಪು-ಹಸಿರು ದೀಪ ಮಿನುಗುತ್ತಿತ್ತು. ಇಂದಿಗೂ ಭಜನೆ, ಯಕ್ಷಗಾನದ ಹಾಡು ಕೇಳಿಸುವ ಎಷ್ಟೋ ಪುಟ್ಟ ಎಫ್‌ಎಂ ಪೆಟ್ಟಿಗೆಗಳ ಹೊಟ್ಟೆಯಲ್ಲಿರುವುದು ಅದೇ ಅಳತೆಯ ಬ್ಯಾಟರಿ.

ನೋಕಿಯಾದ ಪ್ರಕಟಣೆಗೆ ಒಂದೂವರೆ ತಿಂಗಳು ಮೊದಲು, 2007ರ ಜೂನ್ 29ರಂದು, ಅಮೆರಿಕದಲ್ಲಿ ಮೊದಲ ಐಫೋನ್ ಮಾರಾಟಕ್ಕೆ ಬಂದಿತ್ತು. ಅದರ ಬ್ಯಾಟರಿಯನ್ನು ಕೊಂಡವರು ತೆಗೆಯುವಂತಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಉಳಿದ ಕಂಪನಿಗಳೂ ಒಂದೊಂದಾಗಿ ಅದೇ ಹಾದಿ ಹಿಡಿದವು. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್5ಕ್ಕೆ ತೆಗೆಯುವ ಮುಚ್ಚಳವಿತ್ತು, 2015ರ ಎಸ್6ಕ್ಕೆ ಇರಲಿಲ್ಲ. ಫೋನು ತೆಳ್ಳಗಾಗಬೇಕು, ನೀರು ಒಳಹೋಗಬಾರದು ಎಂದು ಕಾರಣ ಕೊಟ್ಟರು. ಆದರೆ ಎಸ್5 ಮುಚ್ಚಳ ಇಟ್ಟುಕೊಂಡೇ ನೀರು ತಡೆಯುತ್ತಿತ್ತು.

2016ರ ಆಗಸ್ಟ್‌ನಲ್ಲಿ ಗ್ಯಾಲಕ್ಸಿ ನೋಟ್ 7 ಬಂತು. ಅದರಲ್ಲೂ ಬ್ಯಾಟರಿ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತತೊಡಗಿತು. ಸೆಪ್ಟೆಂಬರ್ 2ರಂದು ಸ್ಯಾಮ್‌ಸಂಗ್ 25 ಲಕ್ಷ ಫೋನುಗಳನ್ನು ವಾಪಸ್ ಕರೆಯಿತು. ಬದಲಿಯಾಗಿ ಕೊಟ್ಟ ಫೋನುಗಳೂ ಹೊತ್ತಿಕೊಂಡವು. ಅಕ್ಟೋಬರ್ 11ರಂದು ಆ ಮಾದರಿಯ ತಯಾರಿಕೆಯನ್ನೇ ನಿಲ್ಲಿಸಬೇಕಾಯಿತು. ನಮ್ಮಲ್ಲಿ ಅದು ಮಾರಾಟಕ್ಕೇ ಬರಲಿಲ್ಲ. ದೋಷವಿದ್ದದ್ದು ಬ್ಯಾಟರಿಯಲ್ಲೇ ಎಂದು ಮರುವರ್ಷದ ಜನವರಿಯಲ್ಲಿ ಕಂಪನಿಯೇ ಹೇಳಿತು. 2007ರಲ್ಲಿ ಬ್ಯಾಟರಿ ಬದಲಿಸಿದರೆ ಸಾಕಾಗಿತ್ತು. ಒಂಬತ್ತು ವರ್ಷಗಳ ನಂತರ ಪರದೆ, ಕ್ಯಾಮೆರಾ, ಚಿಪ್ಪು ಸಮೇತ ಇಡೀ ಫೋನೇ ಹೋಯಿತು.

ಬೆಂಕಿಯ ಮಾತು ಅಪರೂಪದ್ದು. ಸವೆಯುವುದು ಮಾತ್ರ ಪ್ರತಿ ಲಿಥಿಯಂ ಬ್ಯಾಟರಿಯ ಹಣೆಬರಹ. ಚಾರ್ಜ್ ಆಗುವಾಗ ಒಳಗಿನ ಗ್ರಾಫೈಟ್ ಮೇಲೆ ತೆಳ್ಳನೆಯ ಪೊರೆ ಬೆಳೆಯುತ್ತ ಲಿಥಿಯಮ್ಮನ್ನು ನುಂಗುತ್ತದೆ. ಬಿಸಿಲಿಗೆ ಬಿಟ್ಟ ಫೋನು, ಸದಾ ನೂರಕ್ಕೆ ನೂರು ತುಂಬಿಟ್ಟ ಫೋನು ಬೇಗ ಸೊರಗುತ್ತದೆ. ಹೀಗೆ ಸವೆಯುವ ವಸ್ತುವನ್ನು ಅಂಟು ಹಾಕಿ ಕೂರಿಸಿದ್ದೇ ತಪ್ಪು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಇವತ್ತು ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ರಿಪೇರಿಯವರು ಬಿಸಿಗಾಳಿ ಹಾಯಿಸಿ, ಅಂಟು ಮೆತ್ತಗಾಗಿಸಿ, ತೆಳು ಪ್ಲಾಸ್ಟಿಕ್ ಚೂರು ತೂರಿಸಿ ಫೋನಿನ ಬೆನ್ನು ಬಿಡಿಸಬೇಕು. ಬಿಡಿಸುವ ಮೊದಲೇ ‘ಡಿಸ್‌ಪ್ಲೇ ಹೋದ್ರೆ ನಮ್ಮನ್ನ ಕೇಳ್ಬೇಡಿ ಸಾರ್’ ಅನ್ನುತ್ತಾರೆ. ಅವರ ತಪ್ಪಲ್ಲ.

ಯುರೋಪ್ ಈಗ ಹಿಂದಿರುಗಿ ನೋಡುತ್ತಿದೆ. ಅಲ್ಲಿ 2023ರಲ್ಲಿ ಬಂದ ಕಾನೂನಿನಂತೆ 2027ರ ಫೆಬ್ರವರಿ 18ರಿಂದ ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಹಾಕುವಂತಿರಬೇಕು. ಸಾವಿರ ಸಲ ಚಾರ್ಜ್ ಮಾಡಿದ ಮೇಲೂ ಶೇ. 80ರಷ್ಟು ಶಕ್ತಿ ಉಳಿಸಿಕೊಂಡು, ನೀರನ್ನೂ ತಡೆಯುವ ಫೋನುಗಳಿಗೆ ವಿನಾಯಿತಿ ಇದೆ. ಆ ಕಂಡಿಯಲ್ಲಿ ದುಬಾರಿ ಫೋನುಗಳು ನುಸುಳಿಕೊಳ್ಳಬಹುದು. ಆದರೂ ಮುಚ್ಚಳ ಬಳಕೆದಾರರ ಹಕ್ಕು ಎಂದು ಕಾನೂನಿನಲ್ಲಿ ಬರೆದಿದ್ದು ದೊಡ್ಡ ಮಾತು.

ನಮ್ಮ ದೇಶದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಒತ್ತು, ಬಳಸಿ ಮುಗಿದ ಬ್ಯಾಟರಿಯನ್ನು ಉತ್ಪಾದಕರು ಮರಳಿ ಸಂಗ್ರಹಿಸಬೇಕು ಎನ್ನುವುದರ ಮೇಲಿದೆ. ಅದು ಬೇಕಾದದ್ದೇ. ಆದರೆ ಅಂಟಿಸಿಟ್ಟ ಬ್ಯಾಟರಿಯನ್ನು ಮನೆಯಲ್ಲಿ ಯಾರು ಬಿಡಿಸಿ ಕೊಡುತ್ತಾರೆ? ಬ್ಯಾಟರಿಯನ್ನು ಸಾಮಾನ್ಯ ಸ್ಕ್ರೂಡ್ರೈವರಿನಿಂದ ತೆಗೆಯುವಂತಿರಬೇಕು ಎಂಬ ಒಂದು ಸಾಲನ್ನು ಕೇಂದ್ರ ಸರ್ಕಾರ ಆ ನಿಯಮಗಳಿಗೆ ಸೇರಿಸಲಿ.